ದುಂಡು ಪ್ಲೇಟ್ ಒತ್ತಡಕ್ಕೆ ಎಷ್ಟು ಬಾಗುತ್ತದೆ: ಯಾವ ಲೆಕ್ಕವನ್ನು ಎಲ್ಲಿ ನಂಬಬೇಕು?

300 ಮಿ.ಮೀ. ವ್ಯಾಸ, 6 ಮಿ.ಮೀ. ದಪ್ಪದ ಉಕ್ಕಿನ ಚಪ್ಪಟೆ ಮುಚ್ಚಳ. ಒಳಗಿನಿಂದ 5 ಬಾರ್ ಒತ್ತಡ. ನಡುವೆ ಎಷ್ಟು ಉಬ್ಬುತ್ತದೆ ಎಂದು ಕೇಳಿದರೆ 1.0 ಮಿ.ಮೀ. ಎಂದು ಲೆಕ್ಕ ಮಾಡಿ ತೋರಿಸಬಹುದು. 2.9 ಎಂದೂ ತೋರಿಸಬಹುದು, 3.7 ಎಂದೂ, 4.1 ಎಂದೂ. ನಾಲ್ಕಕ್ಕೂ ಒಪ್ಪಿತ ಸೂತ್ರಗಳಿವೆ, ಗುಣಾಕಾರ ಭಾಗಾಕಾರದಲ್ಲಿ ಯಾವ ಎಡವಟ್ಟೂ ಇಲ್ಲ. ಆದರೂ ಮೊದಲ ಉತ್ತರಕ್ಕೂ ಕೊನೆಯ ಉತ್ತರಕ್ಕೂ ನಾಲ್ಕು ಪಟ್ಟು ಅಂತರ.

ಚರ್ಚೆ ಸಾಮಾನ್ಯವಾಗಿ ನಡೆಯುವುದು ಕೈಲೆಕ್ಕ ಸಾಕೇ, ಸಾಫ್ಟ್‌ವೇರ್ ಬೇಕೇ ಎಂಬುದರ ಸುತ್ತ. ನನ್ನ ಮಟ್ಟಿಗೆ ಅದು ಕೊನೆಯಲ್ಲಿ ಕೇಳಬೇಕಾದ ಪ್ರಶ್ನೆ. ಮೊದಲು ತೀರ್ಮಾನವಾಗಬೇಕಾದದ್ದು ಅಂಚು ಹೇಗೆ ಕೂತಿದೆ ಎಂಬುದು. ಆಮೇಲೆ, ಬಾಗು ದಪ್ಪದ ಎಷ್ಟನೇ ಪಾಲು ಎಂಬುದು. ಅದಾದ ಮೇಲೆ ತ್ರಿಜ್ಯಕ್ಕೂ ದಪ್ಪಕ್ಕೂ ಇರುವ ಅನುಪಾತ. ಈ ಮೂರು ಗೊತ್ತಾದರೆ ವಿಧಾನದ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಾದದ್ದು ಹೆಚ್ಚೇನೂ ಉಳಿಯುವುದಿಲ್ಲ.

ಮೂಲ ಸೂತ್ರಗಳು

ಪ್ಲೇಟಿನ ಬಾಗುವಿಕೆಯನ್ನು ಎದುರಿಸುವ ಗುಣಕ್ಕೆ ಇಲ್ಲಿ ಬಿಗಿತ ಎನ್ನೋಣ. ಅದರಲ್ಲಿ ಬರುವ ಯಂಗ್ ಗುಣಾಂಕ ಎಂದರೆ ವಸ್ತು ಹಿಗ್ಗದಂತೆ ಒಡ್ಡುವ ಪ್ರತಿರೋಧದ ಅಳತೆ; ಪಾಯ್ಸನ್ ಅನುಪಾತ ಎಂದರೆ ಒಂದು ದಿಕ್ಕಿಗೆ ಎಳೆದಾಗ ಅದು ಅಡ್ಡಕ್ಕೆ ಎಷ್ಟು ಪಾಲು ಕುಗ್ಗುತ್ತದೆ ಎಂಬುದು.

ಬಿಗಿತ = ಯಂಗ್ ಗುಣಾಂಕ × ದಪ್ಪ³ ÷ [12 × (1 − ಪಾಯ್ಸನ್ ಅನುಪಾತ²)]

ಅಂಚನ್ನು ಅಲುಗಾಡದಂತೆ ಬಿಗಿದು, ಅಲ್ಲಿ ಪ್ಲೇಟು ಒಂದಿಷ್ಟೂ ತಿರುಗದಂತೆ ಮಾಡಿದ್ದರೆ:

ನಡುವಿನ ಬಾಗು = ಒತ್ತಡ × ತ್ರಿಜ್ಯ⁴ ÷ (64 × ಬಿಗಿತ)

ಅಂಚು ಒಂದು ಉಂಗುರದ ಮೇಲೆ ಸುಮ್ಮನೆ ಊರಿಕೊಂಡಿದ್ದು, ತನ್ನಷ್ಟಕ್ಕೆ ತಿರುಗಲು ಬಿಡುವು ಇದ್ದರೆ ಇದೇ ಉತ್ತರವನ್ನು (5 + ಪಾಯ್ಸನ್ ಅನುಪಾತ) ÷ (1 + ಪಾಯ್ಸನ್ ಅನುಪಾತ) ಎಂಬ ಗುಣಕದಿಂದ ಹೆಚ್ಚಿಸಬೇಕು. ಉಕ್ಕಿಗೆ ಪಾಯ್ಸನ್ ಅನುಪಾತ 0.3 ಎಂದುಕೊಂಡರೆ ಗುಣಕ 4.08. ಗಾಜಿಗೆ 0.22ರ ಆಸುಪಾಸು ಇರುವುದರಿಂದ 4.28.

ನಮ್ಮ ಮುಚ್ಚಳಕ್ಕೆ ಅಂಕಿ ಹಾಕೋಣ. ಯಂಗ್ ಗುಣಾಂಕ 2,00,000 ಮೆಗಾಪಾಸ್ಕಲ್, ದಪ್ಪ 6, ತ್ರಿಜ್ಯ 150, ಒತ್ತಡ 0.5 ಮೆಗಾಪಾಸ್ಕಲ್. ಬಿಗಿತ ಸುಮಾರು 39.6 ಲಕ್ಷ ನ್ಯೂಟನ್-ಮಿ.ಮೀ. ಬರುತ್ತದೆ. ಬಿಗಿದ ಅಂಚಿಗೆ ಬಾಗು 1.00 ಮಿ.ಮೀ., ಊರಿದ ಅಂಚಿಗೆ 4.08 ಮಿ.ಮೀ. ಎಲ್ಲವನ್ನೂ ಮಿ.ಮೀ., ನ್ಯೂಟನ್, ಮೆಗಾಪಾಸ್ಕಲ್‌ನಲ್ಲೇ ಇಟ್ಟುಕೊಂಡರೆ ಏಕಮಾನದ ಗೋಜಲು ಇರುವುದಿಲ್ಲ. 1 ಬಾರ್ ಎಂದರೆ 0.1 ಮೆಗಾಪಾಸ್ಕಲ್ ಎಂಬುದೊಂದು ನೆನಪಿದ್ದರೆ ಸಾಕು. ಎಡವಿ ಬೀಳುವ ಇನ್ನೊಂದು ಗುಂಡಿ, ತ್ರಿಜ್ಯದ ಜಾಗದಲ್ಲಿ ವ್ಯಾಸ ಹಾಕುವುದು. ನಾಲ್ಕನೇ ಘಾತ ಇರುವುದರಿಂದ ಉತ್ತರ ಒಮ್ಮೆಗೇ 16 ಪಟ್ಟಾಗುತ್ತದೆ. ಇಷ್ಟು ದೊಡ್ಡ ತಪ್ಪು ಕಣ್ಣಿಗೆ ಬಿದ್ದೇ ಬೀಳುತ್ತದೆ ಎಂದುಕೊಳ್ಳಬೇಡಿ. ದಪ್ಪ ಪ್ಲೇಟಿನಲ್ಲಿ 0.02 ಮಿ.ಮೀ. ಬದಲು 0.3 ಮಿ.ಮೀ. ಬಂದರೆ ಯಾರಿಗೂ ಅನುಮಾನ ಬರುವುದಿಲ್ಲ.

ಈ ಸೂತ್ರಗಳ ಹಿಂದೆ ಇರುವುದು ಕಿರ್ಕಾಫ್ 1850ರಲ್ಲಿ ನೆಲೆಗೊಳಿಸಿದ ತೆಳು ಪ್ಲೇಟ್ ಸಿದ್ಧಾಂತ. ಅದಕ್ಕೂ ಮೊದಲು ಸೋಫಿ ಜರ್ಮೈನ್ 1816ರಲ್ಲಿ ಪ್ಯಾರಿಸ್‌ನ ವಿಜ್ಞಾನ ಅಕಾಡೆಮಿಯ ಬಹುಮಾನ ಗೆದ್ದದ್ದು ಕಂಪಿಸುವ ಫಲಕಗಳ ಗಣಿತಕ್ಕೆ. ಇಷ್ಟು ಹಳೆಯ ಲೆಕ್ಕ ಇಂದಿಗೂ ಹಾಗೆಯೇ ನಿಂತಿದೆ. ಕೈಕೊಡುವುದು ನಾವು ಅದಕ್ಕೆ ಕೊಡುವ ಅಂಚು.

ಬಿಗಿದ ಅಂಚೋ, ಊರಿದ ಅಂಚೋ

ಬೋಲ್ಟ್ ಹಾಕಿ ಬಿಗಿದಿದ್ದೇವೆ, ಹಾಗಾಗಿ ಅದು ಬಿಗಿದ ಅಂಚು ಎಂಬ ವಾದವನ್ನು ನಾನು ಸುಲಭಕ್ಕೆ ಒಪ್ಪುವುದಿಲ್ಲ. ಲೆಕ್ಕದ ಭಾಷೆಯಲ್ಲಿ ಬಿಗಿದ ಅಂಚು ಎಂದರೆ ಕೋನದಲ್ಲಿ ಕಿಂಚಿತ್ತೂ ಬದಲಾವಣೆ ಇಲ್ಲದ ಅಂಚು. ಬೋಲ್ಟಿನ ವೃತ್ತಕ್ಕೂ ಒಳಗಿನ ಕಂಡಿಗೂ ನಡುವೆ ಗ್ಯಾಸ್ಕೆಟ್ (ಸೋರಿಕೆ ತಡೆಯುವ ಪದರ) ಇದ್ದರೆ, ಫ್ಲ್ಯಾಂಜ್ (ಬೋಲ್ಟ್ ಕೂರುವ ಅಂಚುಪಟ್ಟಿ) ತೆಳುವಾಗಿದ್ದರೆ, ಎರಡು ಬೋಲ್ಟುಗಳ ನಡುವೆ ಅಂತರ ಹೆಚ್ಚಿದ್ದರೆ ಪ್ಲೇಟು ಅಲ್ಲಿ ಸ್ವಲ್ಪವಾದರೂ ತಿರುಗುತ್ತದೆ. ಆ ಸ್ವಲ್ಪಕ್ಕೆ ತೆರುವ ಬೆಲೆ ದೊಡ್ಡದು.

ಎಷ್ಟು ದೊಡ್ಡದು ಎಂಬುದನ್ನು ಸುಲಭವಾಗಿ ಲೆಕ್ಕ ಹಾಕಬಹುದು. ಪೂರ್ತಿ ಬಿಗಿದ ಅಂಚು ಪ್ಲೇಟಿಗೆ ಕೊಡುವ ತಡೆ-ಮೊಮೆಂಟ್ (ತಿರುಗದಂತೆ ಹಿಡಿಯುವ ಬಲದ ಪರಿಣಾಮ) ಒಂದು ಮಿ.ಮೀ. ಪರಿಧಿಗೆ ಒತ್ತಡ × ತ್ರಿಜ್ಯ² ÷ 8. ನಿಮ್ಮ ಜೋಡಣೆ ಅದರಲ್ಲಿ ಎಷ್ಟು ಪಾಲನ್ನು ನಿಜವಾಗಿ ಕೊಡುತ್ತದೆಯೋ ಅದಕ್ಕೆ ಅಂಚಿನ ಹಿಡಿತ ಎನ್ನೋಣ: ಪೂರ್ತಿ ಬಿಗಿದರೆ 1, ಬರಿದೇ ಊರಿದರೆ 0. ಬಾಗು ಈ ಹಿಡಿತಕ್ಕೆ ನೇರ ಗೆರೆಯಲ್ಲಿ ಬದಲಾಗುತ್ತದೆ:

ಬಾಗು = ಊರಿದ ಅಂಚಿನ ಬಾಗು − ಹಿಡಿತ × (ಊರಿದ ಅಂಚಿನ ಬಾಗು − ಬಿಗಿದ ಅಂಚಿನ ಬಾಗು)

ಹಿಡಿತ 0.9 ಇದ್ದರೆ ನಮ್ಮ ಮುಚ್ಚಳದ ಬಾಗು 1.31 ಮಿ.ಮೀ. ಅಂದರೆ ಹಿಡಿತದಲ್ಲಿ ಶೇಕಡಾ 10 ಹೋಯಿತು, ಬಾಗಿನಲ್ಲಿ ಶೇಕಡಾ 31 ಏರಿತು. ಅರ್ಧ ಹಿಡಿತಕ್ಕೆ 2.54 ಮಿ.ಮೀ. ಬಿಗಿದ ಅಂಚಿನ ಸೂತ್ರ ಬಳಸುವವರು ತಾವು ಬಯಸಬಹುದಾದ ಅತ್ಯಂತ ಒಳ್ಳೆಯ ಸಂಗತಿಯನ್ನೇ ಊಹಿಸಿಕೊಳ್ಳುತ್ತಾರೆ, ಮತ್ತು ತಪ್ಪು ಯಾವಾಗಲೂ ಅಪಾಯದ ಕಡೆಗೇ ವಾಲುತ್ತದೆ.

ಸ್ಟ್ರೆಸ್‌ನ, ಅಂದರೆ ಲೋಹದೊಳಗೆ ಪ್ರತಿ ಚದರ ಮಿ.ಮೀ.ಗೆ ಬೀಳುವ ಬಲದ ಕಥೆ ಬೇರೆ, ಸ್ವಲ್ಪ ಸೋಜಿಗದ್ದು ಕೂಡ. ಬಿಗಿದ ಅಂಚಿನಲ್ಲಿ ಗರಿಷ್ಠ ಸ್ಟ್ರೆಸ್ ಅಂಚಿನಲ್ಲೇ ಇರುತ್ತದೆ: 0.75 × ಒತ್ತಡ × (ತ್ರಿಜ್ಯ ÷ ದಪ್ಪ)². ನಮ್ಮ ಮುಚ್ಚಳಕ್ಕೆ 234 ಮೆಗಾಪಾಸ್ಕಲ್. ಊರಿದ ಅಂಚಿನಲ್ಲಿ ಗರಿಷ್ಠ ಸ್ಟ್ರೆಸ್ ನಡುವಿಗೆ ಬರುತ್ತದೆ, ಗುಣಕ 1.24, ಬೆಲೆ 387 ಮೆಗಾಪಾಸ್ಕಲ್. ಹಿಡಿತ 1ರಿಂದ ಕೆಳಗೆ ಇಳಿಯುತ್ತಾ ಬಂದಂತೆ ಅಂಚಿನ ಸ್ಟ್ರೆಸ್ ಕುಗ್ಗಿ ನಡುವಿನದು ಏರುತ್ತದೆ, 0.83ರ ಸುಮಾರಿಗೆ ಎರಡೂ 193 ಮೆಗಾಪಾಸ್ಕಲ್‌ನಲ್ಲಿ ಸಮ ಆಗುತ್ತವೆ. ಅಂದರೆ ಸ್ವಲ್ಪ ಸಡಿಲ ಬಿಟ್ಟ ಅಂಚು, ಗರಿಷ್ಠ ಸ್ಟ್ರೆಸ್ ದೃಷ್ಟಿಯಿಂದ, ಪೂರ್ತಿ ಬಿಗಿದ ಅಂಚಿಗಿಂತ ಮೇಲು. ಬಾಗಿನ ಲೆಕ್ಕವನ್ನೂ ಸ್ಟ್ರೆಸ್ ಲೆಕ್ಕವನ್ನೂ ಒಂದೇ ಊಹೆಯ ಮೇಲೆ ನಿಲ್ಲಿಸಬೇಡಿ ಎನ್ನುವುದು ಇದಕ್ಕೇ. ಬಾಗಿಗೆ ಸಡಿಲ ಅಂಚು ಕೆಟ್ಟದ್ದು, ಅಂಚಿನ ಬೆಸುಗೆಗೆ ಬಿಗಿ ಅಂಚು ಕೆಟ್ಟದ್ದು. ಎರಡೂ ತುದಿಗಳನ್ನು ಬೇರೆ ಬೇರೆ ಲೆಕ್ಕ ಹಾಕಿ, ಎರಡರಲ್ಲೂ ಪಾಸಾದರೆ ಮುಂದೆ ಹೋಗಿ.

387 ಎಂಬ ಅಂಕಿಯನ್ನು ಇನ್ನೊಮ್ಮೆ ನೋಡಿ. 250 ಮೆಗಾಪಾಸ್ಕಲ್‌ಗೆ ಇಳುವರಿ ಬಿಂದು ಇರುವ ಸಾಮಾನ್ಯ ಉಕ್ಕು ಅಷ್ಟು ದೂರ ಬರುವುದೇ ಇಲ್ಲ. ಮೇಲಿನ ಸೂತ್ರದ ಪ್ರಕಾರ 3.2 ಬಾರ್‌ಗೇ ಅದು ಶಾಶ್ವತವಾಗಿ ಬಾಗಲು ಶುರುಮಾಡುತ್ತದೆ. ಹಾಗಾಗಿ 4.08 ಎಂಬ ಉತ್ತರ ಹೆಚ್ಚು ಬಲದ ಉಕ್ಕಿಗೆ ಮಾತ್ರ ಅನ್ವಯ. ಬಾಗಿನ ಜೊತೆಗೆ ಸ್ಟ್ರೆಸ್ ಅನ್ನು ನೋಡದೆ ಬಾಗಿನ ಅಂಕಿಯನ್ನಷ್ಟೇ ವರದಿಯಲ್ಲಿ ಬರೆಯುವ ಅಭ್ಯಾಸ ನನಗೆ ಹಿಡಿಸುವುದಿಲ್ಲ.

ಹಾಗಾದರೆ ಯಾವುದನ್ನು ಆರಿಸಬೇಕು? ಪ್ಲೇಟು ಮತ್ತು ಅದನ್ನು ಹಿಡಿದ ಗೋಡೆ ಒಂದೇ ಘನ ತುಂಡಿನಿಂದ ಕಡೆದದ್ದಾಗಿದ್ದು, ಗೋಡೆ ಪ್ಲೇಟಿಗಿಂತ ಹಲವು ಪಟ್ಟು ದಪ್ಪವಾಗಿದ್ದರೆ ಬಿಗಿದ ಅಂಚು ಒಪ್ಪುತ್ತದೆ. ಭಾರಿ ಉಂಗುರಗಳ ನಡುವೆ ಸಿಕ್ಕಿಸಿ, ಒಳಕಂಡಿಗೆ ಹತ್ತಿರದಲ್ಲೇ ಒತ್ತಿ ಹಿಡಿದ ತೆಳು ತಗಡಿಗೂ ಒಪ್ಪುತ್ತದೆ. ಮೆದು ಗ್ಯಾಸ್ಕೆಟ್ ಮೇಲೆ ಕೂತ ಮುಚ್ಚಳ, ರಬ್ಬರ್ ಓ-ರಿಂಗ್ ಮೇಲಿನ ನೋಟದ ಗಾಜು, ತೆಳು ಕೊಳವೆಯ ತುದಿಗೆ ಬೆಸೆದ ಪ್ಲೇಟು ಇವಕ್ಕೆಲ್ಲ ಊರಿದ ಅಂಚಿನಿಂದಲೇ ಶುರುಮಾಡಿ. ತೆಳು ಕೊಳವೆಯ ಗೋಡೆ ಪ್ಲೇಟಿನ ಜೊತೆಗೇ ಮಣಿಯುತ್ತದೆ. ಬೆಸುಗೆ ಎಷ್ಟೇ ಚೆನ್ನಾಗಿದ್ದರೂ ಅದು ಗೋಡೆಗೆ ಇಲ್ಲದ ಬಿಗಿತವನ್ನು ತಂದುಕೊಡಲಾರದು.

ತ್ರಿಜ್ಯ ಎಲ್ಲಿಂದ ಎಲ್ಲಿಗೆ ಎಂಬುದೂ ಅಂಚಿನ ಪ್ರಶ್ನೆಯೇ. ಒಳಕಂಡಿಯವರೆಗೋ, ಗ್ಯಾಸ್ಕೆಟ್‌ನ ನಡುಗೆರೆಯವರೆಗೋ, ಬೋಲ್ಟಿನ ವೃತ್ತದವರೆಗೋ? 150ರ ಬದಲು 160 ಹಿಡಿದರೆ ಬಾಗು ಶೇಕಡಾ 29 ಹೆಚ್ಚುತ್ತದೆ. ಗ್ಯಾಸ್ಕೆಟ್ ಇರುವಲ್ಲಿ ಊರಿದ ಅಂಚಿಗೆ ಗ್ಯಾಸ್ಕೆಟ್ ಒತ್ತುವ ವೃತ್ತವನ್ನೇ ತ್ರಿಜ್ಯವಾಗಿ ಹಿಡಿಯುವುದು ಸರಿ. ದಪ್ಪದ ವಿಷಯದಲ್ಲೂ ಇದೇ ಎಚ್ಚರ ಬೇಕು: ತುಕ್ಕಿಗೆ ಶೇಕಡಾ 10 ದಪ್ಪ ಸವೆದರೆ ಬಾಗು ಶೇಕಡಾ 37 ಏರುತ್ತದೆ. ಲೆಕ್ಕಕ್ಕೆ ಹಾಕಬೇಕಾದದ್ದು ಸೇವೆಯ ಕೊನೆಯ ದಿನದ ದಪ್ಪ.

ನೇರ ಸೂತ್ರ ಎಲ್ಲಿಯವರೆಗೆ

ಮೇಲಿನ ಸೂತ್ರಗಳಲ್ಲಿ ಒತ್ತಡ ಇಮ್ಮಡಿಯಾದರೆ ಬಾಗು ಇಮ್ಮಡಿ; ಅವನ್ನು ನೇರ ಸೂತ್ರ ಎನ್ನುವುದು ಅದಕ್ಕೇ. ನಿಜವಾದ ಪ್ಲೇಟು ಹಾಗೆ ನಡೆದುಕೊಳ್ಳುವುದು ಬಾಗು ಕಡಿಮೆ ಇರುವಾಗ ಮಾತ್ರ. ಚಪ್ಪಟೆ ಫಲಕ ಬಟ್ಟಲಿನಂತೆ ಆಗಬೇಕಾದರೆ ಅದರ ಮೈ ಹಿಗ್ಗಬೇಕು. ಹಿಗ್ಗಿದ ಮೈ ಎಳೆದು ಹಿಡಿದ ಪೊರೆಯಂತೆ ತಾನೂ ಒಂದಷ್ಟು ಹೊರೆ ಹೊರುತ್ತದೆ. ಥಿಯೋಡರ್ ಫಾನ್ ಕಾರ್ಮಾನ್ 1910ರಲ್ಲಿ ಇದಕ್ಕೆ ಸಮೀಕರಣ ಕೊಟ್ಟರು. ಕೈಲೆಕ್ಕಕ್ಕೆ ಅದರ ಸರಳ ರೂಪ ಇದು:

(ಬಾಗು ÷ ದಪ್ಪ) + ಎಳೆತದ ಗುಣಕ × (ಬಾಗು ÷ ದಪ್ಪ)³ = ನೇರ ಸೂತ್ರದ ಬಾಗು ÷ ದಪ್ಪ

ಪಾಯ್ಸನ್ ಅನುಪಾತ 0.3ಕ್ಕೆ ಈ ಎಳೆತದ ಗುಣಕ ನಾಲ್ಕು ಬಗೆ:

ಬಿಗಿದ ಅಂಚು, ಒಳಕ್ಕೆ ಜಾರದಂತೆ ಹಿಡಿದದ್ದು: 0.471
ಬಿಗಿದ ಅಂಚು, ಒಳಕ್ಕೆ ಜಾರಬಲ್ಲದ್ದು: 0.146
ಊರಿದ ಅಂಚು, ಒಳಕ್ಕೆ ಜಾರದಂತೆ ಹಿಡಿದದ್ದು: 1.852
ಊರಿದ ಅಂಚು, ಒಳಕ್ಕೆ ಜಾರಬಲ್ಲದ್ದು: 0.262

ಇವು ಶಕ್ತಿ ವಿಧಾನದಿಂದ ಬಂದ ಅಂದಾಜುಗಳು. ಬೇರೆ ಕಡೆ ಬಿಗಿದ ಅಂಚಿಗೆ 0.488 ಎಂದೂ 0.54ರ ಹತ್ತಿರ ಎಂದೂ ಕಾಣಸಿಗುತ್ತದೆ. ಗಾಬರಿ ಬೇಡ. ಗುಣಕದಲ್ಲಿನ ಅಷ್ಟು ವ್ಯತ್ಯಾಸ ಉತ್ತರದಲ್ಲಿ ಕೆಲವೇ ಶೇಕಡಾ ಆಗಿ ಉಳಿಯುತ್ತದೆ, ಘನಮೂಲ ಅದನ್ನು ನುಂಗಿಬಿಡುತ್ತದೆ.

ಆರಂಭದ ನಾಲ್ಕು ಉತ್ತರಗಳ ಗುಟ್ಟು ಇಲ್ಲಿದೆ. ನೇರ ಸೂತ್ರದಲ್ಲಿ ಬಿಗಿದ ಅಂಚಿಗೆ 1.00, ಊರಿದ ಅಂಚಿಗೆ 4.08. ಊರಿದ ಅಂಚಿಗೆ ಎಳೆತವನ್ನೂ ಸೇರಿಸಿ, ಅಂಚು ಒಳಕ್ಕೆ ಜಾರಬಲ್ಲದು ಎಂದರೆ 3.71, ಜಾರಲಾರದು ಎಂದರೆ 2.87. ಬಿಗಿದ ಅಂಚಿಗೆ ಎಳೆತ ಸೇರಿಸಿದರೂ ಉತ್ತರ 0.99, ಬದಲಾವಣೆ ಶೇಕಡಾ 1ರಷ್ಟೇ. ತಿರುಗಲು ಬಿಟ್ಟು, ಆದರೆ ಒಳಕ್ಕೆ ಸರಿಯಲು ಬಿಡದ ಅಂಚು ಕಾಗದದ ಮೇಲೆ ಸುಲಭ, ಕಬ್ಬಿಣದಲ್ಲಿ ಅಪರೂಪ. ಗ್ಯಾಸ್ಕೆಟ್ ಇರುವ ಜೋಡಣೆಗೆ ನಾನು 1.852 ಬಳಸುವುದಿಲ್ಲ, ಆ ರಿಯಾಯಿತಿಯನ್ನು ಪ್ಲೇಟು ಗಳಿಸಿರುವುದಿಲ್ಲ.

'ಬಾಗು ದಪ್ಪದ ಅರ್ಧ ದಾಟುವವರೆಗೆ ನೇರ ಸೂತ್ರ ಸಾಕು' ಎಂಬ ಮಾತು ಎಲ್ಲೆಡೆ ಚಾಲ್ತಿಯಲ್ಲಿದೆ. ಬಿಗಿದ ಅಂಚಿಗೆ ಅದು ಸಹಿಸಬಹುದಾದ ಮಾತು: ಅರ್ಧ ದಪ್ಪದಲ್ಲಿ ನೇರ ಸೂತ್ರ ಶೇಕಡಾ 12ರಷ್ಟು ಹೆಚ್ಚು ತೋರಿಸುತ್ತದೆ. ಜಾರದ ಊರಿದ ಅಂಚಿಗೆ ಅದೇ ಅರ್ಧ ದಪ್ಪದಲ್ಲಿ ಶೇಕಡಾ 46. ಮಿತಿಯನ್ನು ಐದನೇ ಒಂದು ಪಾಲಿಗೆ ಇಳಿಸಿದರೆ ಬಿಗಿದ ಅಂಚಿನಲ್ಲಿ ತಪ್ಪು ಶೇಕಡಾ 2, ಜಾರದ ಊರಿದ ಅಂಚಿನಲ್ಲಿ 7. ಒಂದೇ ಮಿತಿಯನ್ನು ಎಲ್ಲಕ್ಕೂ ಹಚ್ಚುವುದಾದರೆ ಐದನೇ ಒಂದು ಪಾಲು ನನಗೆ ನೆಮ್ಮದಿ ಕೊಡುತ್ತದೆ.

ಇಲ್ಲಿ ತಪ್ಪಿನ ದಿಕ್ಕನ್ನು ಗಮನಿಸಬೇಕು. ನೇರ ಸೂತ್ರ ಬಾಗನ್ನು ಯಾವಾಗಲೂ ಹೆಚ್ಚಾಗಿಯೇ ತೋರಿಸುತ್ತದೆ. ಮುಚ್ಚಳ ಎದುರಿನ ಯಾವುದಕ್ಕೂ ತಗುಲಬಾರದು, ಅಷ್ಟೇ ನಿಮ್ಮ ಚಿಂತೆ ಎಂದಾದರೆ ಈ ತಪ್ಪು ನಿಮ್ಮ ಪರ. ಒತ್ತಡ ಅಳೆಯುವ ಸಂವೇದಕದ ತಗಡು, ಅಥವಾ ಇಂತಿಷ್ಟೇ ಸರಿದು ಸ್ವಿಚ್ ಒತ್ತಬೇಕಾದ ಡಯಾಫ್ರಂ (ಒತ್ತಡಕ್ಕೆ ಉಬ್ಬುವ ತೆಳು ತಗಡು) ಆದರೆ ಅದೇ ತಪ್ಪು ನಿಮ್ಮ ವಿರುದ್ಧ. ಬರಬೇಕಾದ ಚಲನೆ ಬರುವುದೇ ಇಲ್ಲ.

ತೆಳು ತಗಡಿನ ಪ್ರಕರಣ

ಒಂದು ಡಯಾಫ್ರಂ ತೆಗೆದುಕೊಳ್ಳೋಣ. ಉಕ್ಕಿನ ತಗಡು, ದಪ್ಪ 0.2 ಮಿ.ಮೀ., ತ್ರಿಜ್ಯ 25 ಮಿ.ಮೀ., ಒತ್ತಡ ಅರ್ಧ ಬಾರ್. ಅಂಚು ಬಿಗಿದದ್ದು. ನೇರ ಸೂತ್ರ 2.08 ಮಿ.ಮೀ. ಎನ್ನುತ್ತದೆ, ಅಂದರೆ ದಪ್ಪದ ಹತ್ತು ಪಟ್ಟಿಗೂ ಮೇಲೆ. ಈ ಅಂಕಿಯನ್ನು ನೋಡಿದ ಕೂಡಲೇ ಸೂತ್ರವನ್ನು ಬದಿಗಿಡಬೇಕು. ಘನ ಪದ ಸೇರಿಸಿದರೆ 0.51 ಮಿ.ಮೀ., ನಾಲ್ಕನೇ ಒಂದು ಭಾಗ.

ಇಷ್ಟು ತೆಳುವಾದಾಗ ಬಾಗುವ ಬಿಗಿತವನ್ನು ಮರೆತು, ಶುದ್ಧ ಪೊರೆ ಎಂದೇ ಎಣಿಸುವ ಇನ್ನೊಂದು ದಾರಿಯಿದೆ. ಹೆಂಕಿ 1915ರಲ್ಲಿ ಬಿಡಿಸಿದ ಲೆಕ್ಕ ಅದು:

ಬಾಗು ≈ 0.66 × ತ್ರಿಜ್ಯ × ಘನಮೂಲ [ಒತ್ತಡ × ತ್ರಿಜ್ಯ ÷ (ಯಂಗ್ ಗುಣಾಂಕ × ದಪ್ಪ)]

ನಮ್ಮ ತಗಡಿಗೆ 0.52 ಮಿ.ಮೀ. ಎರಡು ಬೇರೆ ಬೇರೆ ದಾರಿಗಳು ಇಷ್ಟು ಹತ್ತಿರದಲ್ಲಿ ಸೇರಿದಾಗ ಉತ್ತರದ ಮೇಲೆ ಭರವಸೆ ಬರುತ್ತದೆ. ಬಾಗು ದಪ್ಪದ ಎರಡು-ಮೂರು ಪಟ್ಟು ದಾಟಿದ ಮೇಲೆ ಹೆಂಕಿಯ ಸೂತ್ರ ತ್ವರಿತ ಪರಿಶೀಲನೆಗೆ ಒಳ್ಳೆಯದು. ದಪ್ಪದ ಅರ್ಧಕ್ಕೂ ಎರಡು ಪಟ್ಟಿಗೂ ನಡುವಿನ ಪ್ರದೇಶದಲ್ಲಿ ಘನ ಸಮೀಕರಣವೇ ಬೇಕು. ಅಲ್ಲಿ ಬಾಗುವಿಕೆಯನ್ನಾಗಲಿ ಎಳೆತವನ್ನಾಗಲಿ ಬಿಡುವಂತಿಲ್ಲ.

ತೆಳು ತಗಡಿನಲ್ಲಿ ಅಂಚಿನ ಜಾರುವಿಕೆ ಮುಖ್ಯ ಪಾತ್ರಕ್ಕೆ ಬರುತ್ತದೆ. ಇದೇ ಡಯಾಫ್ರಂ ಹಿಡಿತದೊಳಗೆ ಒಳಕ್ಕೆ ಸರಾಗವಾಗಿ ಜಾರುವಂತಿದ್ದರೆ ಬಾಗು 0.51ರಿಂದ 0.72ಕ್ಕೆ ಏರುತ್ತದೆ. ನಿಜದಲ್ಲಿ ಅದು ಪೂರ್ತಿ ಜಾರುವುದೂ ಇಲ್ಲ, ಪೂರ್ತಿ ನಿಲ್ಲುವುದೂ ಇಲ್ಲ. ಒತ್ತಡ ಏರುವಾಗ ಒಂದು ರೀತಿ, ಇಳಿಯುವಾಗ ಒಂದು ರೀತಿ ನಡೆದುಕೊಳ್ಳುತ್ತದೆ. ಅಳತೆಯ ಉಪಕರಣಕ್ಕೆ ಇದಕ್ಕಿಂತ ಕೆಟ್ಟ ಗುಣ ಬೇರೆ ಬೇಕಿಲ್ಲ. ಸಂವೇದಕಗಳಲ್ಲಿ ತಗಡಿನ ಅಂಚನ್ನು ಬೆಸೆಯುವುದಕ್ಕೆ, ಇಲ್ಲವೇ ತಗಡನ್ನೂ ಉಂಗುರವನ್ನೂ ಒಂದೇ ತುಂಡಿನಲ್ಲಿ ಕಡೆಯುವುದಕ್ಕೆ ಇದೂ ಒಂದು ಕಾರಣ. ಹೆಚ್ಚು ಚಲನೆ ಬೇಕು, ಅದೂ ಒತ್ತಡಕ್ಕೆ ನೇರ ಅನುಪಾತದಲ್ಲಿ ಬೇಕು ಎಂದಾದರೆ ಚಪ್ಪಟೆ ತಗಡನ್ನೇ ಬಿಟ್ಟು, ಅಲೆಅಲೆಯಾಗಿ ಮಡಿಕೆ ಒತ್ತಿದ ಡಯಾಫ್ರಂ ಕಡೆಗೆ ಹೋಗಬೇಕು. ಅದಕ್ಕೆ ಈ ಲೇಖನದ ಯಾವ ಸೂತ್ರವೂ ನಡೆಯದು.

ದಪ್ಪ ಪ್ಲೇಟು

ಇದಕ್ಕೆ ಹೆಚ್ಚು ಮಾತು ಬೇಡ. ತ್ರಿಜ್ಯ ದಪ್ಪದ ಹತ್ತು ಪಟ್ಟಿಗಿಂತ ಕಡಿಮೆಯಾದಾಗ ಷಿಯರ್‌ನಿಂದ, ಅಂದರೆ ಪದರಗಳು ಒಂದರ ಮೇಲೊಂದು ಜಾರಿದಂತಾಗುವುದರಿಂದ ಬರುವ ಬಾಗು ಕೂಡ ಲೆಕ್ಕಕ್ಕೆ ಬರುತ್ತದೆ. ಮಿಂಡ್ಲಿನ್ 1951ರಲ್ಲಿ ಕೊಟ್ಟ ಸಿದ್ಧಾಂತದಂತೆ ಬಿಗಿದ ಅಂಚಿನ ಪ್ಲೇಟಿಗೆ ಸೇರಿಸಬೇಕಾದ ಭಾಗ, ಮೂಲ ಬಾಗಿನ 4.6 × (ದಪ್ಪ ÷ ತ್ರಿಜ್ಯ)² ಪಟ್ಟು. ತ್ರಿಜ್ಯ ದಪ್ಪದ 10 ಪಟ್ಟಿದ್ದರೆ ಶೇಕಡಾ 4.6, 5 ಪಟ್ಟಿದ್ದರೆ ಶೇಕಡಾ 18. ಊರಿದ ಅಂಚಿನಲ್ಲಿ ಮೂಲ ಬಾಗೇ ದೊಡ್ಡದಾದ್ದರಿಂದ ಇದರ ಪಾಲು ಸುಮಾರು ನಾಲ್ಕನೇ ಒಂದು. ಅಂಚಿನ ಹಿಡಿತವನ್ನು ಶೇಕಡಾ 10ರೊಳಗೆ ಹೇಳಲಾರದವರು ಷಿಯರ್‌ನ ಶೇಕಡಾ 4ಕ್ಕೆ ಹೊಡೆದಾಡುವುದು ವಿಚಿತ್ರ, ಆದರೆ ಅಂಥ ವರದಿಗಳಿಗೆ ಬರವಿಲ್ಲ.

ಸಂಹಿತೆಯ ಸೂತ್ರ ಬಳಸಿದರೆ ಸಾಲದೇ?

ಒತ್ತಡಪಾತ್ರೆಗಳಿಗೆ ಎಎಸ್‌ಎಂಇ (ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘ) ಸಂಹಿತೆಯ 8ನೇ ಭಾಗದ ಮೊದಲ ವಿಭಾಗದಲ್ಲಿ ಯುಜಿ-34 ಎಂಬ ನಿಯಮವಿದೆ. ಅದರ ಸಾರ:

ದಪ್ಪ = ವ್ಯಾಸ × √[ಅಂಚಿನ ಗುಣಕ × ಒತ್ತಡ ÷ (ಅನುಮತ ಸ್ಟ್ರೆಸ್ × ಬೆಸುಗೆಯ ದಕ್ಷತೆ)]

ಬೋಲ್ಟ್ ಮಾಡಿದ ಮುಚ್ಚಳಕ್ಕೆ ಅಂಚಿನ ಗುಣಕ 0.3, ಅದರ ಮೇಲೆ ಬೋಲ್ಟಿನ ಎಳೆತ ಹುಟ್ಟಿಸುವ ಮೊಮೆಂಟಿಗೆ ಇನ್ನೊಂದು ಪದ. ಈ 0.3 ಎಲ್ಲಿಂದ ಬಂತು ಎಂದು ಯೋಚಿಸಿದರೆ ಒಂದು ಪಾಠ ಸಿಗುತ್ತದೆ. ಊರಿದ ಅಂಚಿನ ಸ್ಟ್ರೆಸ್ ಸೂತ್ರವನ್ನು ವ್ಯಾಸದ ಲೆಕ್ಕಕ್ಕೆ ತಂದರೆ ಗುಣಕ 0.309, ಬಿಗಿದ ಅಂಚಿನದು 0.188. ಬೋಲ್ಟ್ ಹಾಕಿದ ಮುಚ್ಚಳವನ್ನು ಸಂಹಿತೆ ಯಾವ ಅಂಚಿನ ಪಕ್ಕದಲ್ಲಿ ಕೂರಿಸಿದೆ ಎಂಬುದು ಇದರಿಂದಲೇ ಸ್ಪಷ್ಟ.

ಆದರೆ ಈ ಸೂತ್ರ ಕಾಯುವುದು ಬಲವನ್ನು. ಬಾಗಿನ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ನಮ್ಮ ಮುಚ್ಚಳಕ್ಕೆ ಅನುಮತ ಸ್ಟ್ರೆಸ್ 138 ಮೆಗಾಪಾಸ್ಕಲ್ ಹಿಡಿದರೆ, ಬೋಲ್ಟಿನ ಮೊಮೆಂಟನ್ನೂ ತುಕ್ಕಿನ ಭತ್ಯೆಯನ್ನೂ ಸೇರಿಸುವ ಮೊದಲೇ 9.9 ಮಿ.ಮೀ. ದಪ್ಪ ಬೇಕು. 10 ಮಿ.ಮೀ. ಹಾಕಿದೆವು ಎನ್ನಿ, ಊರಿದ ಅಂಚಿಗೆ ಬಾಗು ಇನ್ನೂ 0.88 ಮಿ.ಮೀ. ಇರುತ್ತದೆ. ಸಾದಾ ಮುಚ್ಚಳಕ್ಕೆ ಅದು ಏನೂ ಅಲ್ಲ. ಆ ಮುಚ್ಚಳದ ನಡುವಿನಿಂದ ಒಂದು ಶಾಫ್ಟ್ ಸೀಲಿನ ಮೂಲಕ ಹಾದುಹೋಗುತ್ತಿದ್ದರೆ, ಅಥವಾ ಅದರ ಮೇಲೆ ದ್ಯುತಿ ಉಪಕರಣ ಕೂತಿದ್ದರೆ ತೊಂದರೆ. ಶಾಸನಬದ್ಧ ಪಾತ್ರೆಯಾದರೆ ಸಂಹಿತೆ ಕಡ್ಡಾಯ. ಅದರ ಮೇಲೆ ಬಾಗಿನ ಲೆಕ್ಕ ನಿಮ್ಮ ಜವಾಬ್ದಾರಿ.

ದಪ್ಪ ಏರಿಸುವ ಬದಲು ಲೋಹ ಬದಲಿಸುವ ಯೋಚನೆಯೂ ಆಗಾಗ ಬರುತ್ತದೆ. ಹೆಚ್ಚು ಬಲದ ಉಕ್ಕು ಬಾಗನ್ನು ಒಂದಿಷ್ಟೂ ತಗ್ಗಿಸುವುದಿಲ್ಲ, ಎಲ್ಲ ಉಕ್ಕುಗಳ ಯಂಗ್ ಗುಣಾಂಕವೂ ಹೆಚ್ಚುಕಡಿಮೆ ಒಂದೇ. ಅಲ್ಯೂಮಿನಿಯಂನದು ಅದರ ಮೂರನೇ ಒಂದು ಭಾಗ, ಆದರೆ ದಪ್ಪ ಘನದಲ್ಲಿ ಕೆಲಸ ಮಾಡುವುದರಿಂದ 1.42 ಪಟ್ಟು ದಪ್ಪದ ಅಲ್ಯೂಮಿನಿಯಂ ಪ್ಲೇಟು ಉಕ್ಕಿನಷ್ಟೇ ಗಟ್ಟಿಯಾಗಿ, ಅರ್ಧ ತೂಕದಲ್ಲಿ ಕೂರುತ್ತದೆ. ಅಕ್ರಿಲಿಕ್ ಮಾತ್ರ ಬೇರೆ ಜಾತಿ. ಅದರ ಗುಣಾಂಕ 3,000 ಮೆಗಾಪಾಸ್ಕಲ್ ಸುಮಾರು, ಜೊತೆಗೆ ಹೊರೆಯ ಕೆಳಗೆ ದಿನಗಟ್ಟಲೆ ನಿಧಾನವಾಗಿ ಹಿಗ್ಗುತ್ತಲೇ ಇರುತ್ತದೆ. ಇವತ್ತಿನ ಬಾಗು ಮುಂದಿನ ತಿಂಗಳಿನದ್ದಾಗಿರುವುದಿಲ್ಲ.

ಸಾಫ್ಟ್‌ವೇರಿಗೆ ಹೋಗುವುದು ಯಾವಾಗ

ಪ್ಲೇಟಿನಲ್ಲಿ ನಡುವಿನಿಂದ ಸರಿದ ತೂತಿದ್ದರೆ, ಪಕ್ಕೆಲುಬುಗಳಿದ್ದರೆ, ದಪ್ಪ ಜಾಗಜಾಗಕ್ಕೆ ಬದಲಾಗುತ್ತಿದ್ದರೆ, ಅಥವಾ ಫ್ಲ್ಯಾಂಜ್, ಬೋಲ್ಟು, ಗ್ಯಾಸ್ಕೆಟ್‌ಗಳನ್ನೆಲ್ಲ ಸೇರಿಸಿ ಅಂಚಿನ ನಿಜವಾದ ಹಿಡಿತವನ್ನೇ ತಿಳಿಯಬೇಕಾದರೆ ವಸ್ತುವನ್ನು ಸಣ್ಣ ಸಣ್ಣ ತುಂಡುಗಳಾಗಿ ಒಡೆದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ಫೈನೈಟ್ ಎಲಿಮೆಂಟ್ ವಿಧಾನಕ್ಕೆ ಹೋಗಿ. ಕೊನೆಯದೇ ಅತ್ಯಂತ ಒಳ್ಳೆಯ ಕಾರಣ. ಸಾದಾ ಪ್ಲೇಟಿನ ಅಂಚಿನ ಬಿಂದುಗಳನ್ನೆಲ್ಲ ಲಾಕ್ ಮಾಡಿ ಓಡಿಸಿದರೆ ಬರುವುದು ಅದೇ 1.00 ಮಿ.ಮೀ., ಬಣ್ಣದ ಚಿತ್ರ ಮಾತ್ರ ಹೆಚ್ಚುವರಿ.

ಪ್ಲೇಟು, ಹೊರೆ, ಅಂಚು ಮೂರೂ ದುಂಡಗೆ ಒಂದೇ ಸಮನಾಗಿದ್ದರೆ ಅಕ್ಷಸಮ್ಮಿತ ಮಾದರಿಯೇ ಲೇಸು: ಒಂದು ಸೀಳು ಮಾತ್ರ ಬಿಡಿಸಬೇಕು, ಕ್ಷಣದಲ್ಲಿ ಉತ್ತರ. ತೆಳು ಪ್ಲೇಟಿಗೆ ಶೆಲ್ ಎಲಿಮೆಂಟ್ (ದಪ್ಪವನ್ನು ಅಂಕಿಯಾಗಷ್ಟೇ ಹಿಡಿಯುವ, ಹಾಳೆಯಂಥ ತುಂಡು). ಘನ ಎಲಿಮೆಂಟ್ ಬಳಸಲೇಬೇಕಾದರೆ ಸರಳ ನಾಲ್ಕು-ಬಿಂದು ಟೆಟ್ರಾಗಳನ್ನು (ನಾಲ್ಕು ಮುಖದ ತುಂಡುಗಳನ್ನು) ದಪ್ಪದಲ್ಲಿ ಒಂದೇ ಪದರ ಹಾಕಬೇಡಿ. ಅವು ಬಾಗಲು ನಿರಾಕರಿಸುತ್ತವೆ, ಬಾಗು ಸುಳ್ಳಾಗಿ ಕಡಿಮೆ ಬರುತ್ತದೆ. ದೊಡ್ಡ ಬಾಗಿನ ಆಯ್ಕೆ ಆನ್ ಆಗಿದೆಯೇ ನೋಡಿ. ಅದು ಆಫ್ ಆಗಿದ್ದರೆ ಮೇಲಿನ ಡಯಾಫ್ರಂಗೆ ದುಬಾರಿ ಸಾಫ್ಟ್‌ವೇರ್ ಕೂಡ 2.08 ಮಿ.ಮೀ. ಎಂದೇ ಹೇಳುತ್ತದೆ, ಯಾವ ಎಚ್ಚರಿಕೆಯೂ ಇಲ್ಲದೆ. ಮಾದರಿ ಯಾವುದೇ ಇರಲಿ, ಮೊದಲು ಸಾದಾ ಬಿಗಿದ ಪ್ಲೇಟಿಗೆ ಓಡಿಸಿ ಕೈಲೆಕ್ಕಕ್ಕೆ ಹೊಂದಿಸಿ ನೋಡುವುದು ಐದು ನಿಮಿಷದ ಕೆಲಸ.

ಅಳೆದು ತಿಳಿಯುವುದು

ಮುಚ್ಚಳ ಕೈಯಲ್ಲಿದ್ದರೆ ಇವೆಲ್ಲಕ್ಕಿಂತ ನೇರವಾದ ದಾರಿ ಡಯಲ್ ಗೇಜ್, ಅಂದರೆ ಸಣ್ಣ ಚಲನೆಯನ್ನು ಮುಳ್ಳಿನಲ್ಲಿ ತೋರಿಸುವ ಮಾಪಕ. ಒಂದನ್ನು ನಡುವೆ, ಇನ್ನೊಂದನ್ನು ಅಂಚಿನಲ್ಲಿ ನಿಲ್ಲಿಸಿ, ನೀರು ತುಂಬಿ ನಿಧಾನವಾಗಿ ಒತ್ತಡ ಏರಿಸಿ. ನಡುವಿನ ಓದಿನಿಂದ ಅಂಚಿನ ಓದನ್ನು ಕಳೆಯುವುದು ಮುಖ್ಯ, ಇಲ್ಲವಾದರೆ ಗ್ಯಾಸ್ಕೆಟ್ ಕುಗ್ಗಿದ್ದು, ಬೋಲ್ಟು ಎಳೆದದ್ದು ಎಲ್ಲವೂ ಪ್ಲೇಟಿನ ಲೆಕ್ಕಕ್ಕೆ ಸೇರುತ್ತದೆ. ಮೊದಲ ಏರಿಕೆಯ ಅಂಕಿಗಳನ್ನು ಬಿಟ್ಟು, ಎರಡನೇ ಏರಿಕೆಯವನ್ನು ಬರೆದುಕೊಳ್ಳಿ; ಜೋಡಣೆ ಕೂತುಕೊಳ್ಳುವುದು ಮೊದಲ ಸಲವೇ.

ನಮ್ಮ 6 ಮಿ.ಮೀ. ಮುಚ್ಚಳಕ್ಕೆ 2 ಬಾರ್‌ನಲ್ಲಿ ಬಿಗಿದ ಅಂಚಿನ ಲೆಕ್ಕ 0.40 ಮಿ.ಮೀ., ಊರಿದ ಅಂಚಿನದು 1.63. ಗೇಜು 0.65 ತೋರಿಸಿತು ಎಂದುಕೊಳ್ಳಿ. ಹಿಡಿತ = (1.63 − 0.65) ÷ (1.63 − 0.40), ಸುಮಾರು 0.8. ಈಗ ಊಹೆಯ ಜಾಗದಲ್ಲಿ ಒಂದು ಅಳತೆ ಬಂತು, 5 ಬಾರ್‌ಗೆ ಬಾಗು 1.62 ಮಿ.ಮೀ. ಎಂದು ಧೈರ್ಯವಾಗಿ ಹೇಳಬಹುದು.

ಆದರೆ ಈ 0.8 ಅನ್ನು ಬೇರೆ ದಪ್ಪದ ಪ್ಲೇಟಿಗೆ ಒಯ್ಯಬೇಡಿ. ಹಿಡಿತ ಎಂಬುದು ಫ್ಲ್ಯಾಂಜಿನ ಒಂಟಿ ಗುಣವಲ್ಲ, ಫ್ಲ್ಯಾಂಜಿಗೂ ಪ್ಲೇಟಿಗೂ ನಡುವಿನ ಬಲಾಬಲ. ಅದೇ ಫ್ಲ್ಯಾಂಜಿಗೆ 12 ಮಿ.ಮೀ. ಪ್ಲೇಟು ಹಾಕಿದರೆ ಪ್ಲೇಟಿನ ಬಿಗಿತ 8 ಪಟ್ಟಾಗುತ್ತದೆ, ಫ್ಲ್ಯಾಂಜ್ ಇದ್ದಲ್ಲೇ ಇರುತ್ತದೆ, ಹಿಡಿತ 0.8ರಿಂದ 0.33ಕ್ಕೆ ಕುಸಿಯುತ್ತದೆ. ದಪ್ಪ ಇಮ್ಮಡಿ ಮಾಡಿದ್ದರಿಂದ ಬಾಗು 8ನೇ ಒಂದು ಪಾಲಿಗೆ, ಅಂದರೆ 0.20 ಮಿ.ಮೀ.ಗೆ ಇಳಿಯಿತು ಎಂದು ನಕ್ಷೆಯಲ್ಲಿ ಬರೆದಿದ್ದರೆ, ಗೇಜಿನಲ್ಲಿ ಕಾಣುವುದು 0.38.